ತೆರಿಗೆ ದರ ಪರಿಷ್ಕರಣೆ: ಆಯವ್ಯಯದ ಮೇಲಿನ ಪರಿಣಾಮವನ್ನು ಅಂದಾಜಿಸುವ ಬಗೆ



ಆಯವ್ಯಯ ಸಭೆಯಲ್ಲಿ ಮನೆ ಕಂದಾಯದ ದರ ಹೆಚ್ಚಿಸುವ ವಿಷಯ ಮಂಡನೆಯಾದಾಗ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. "ಜನ ಒಪ್ಪುವುದಿಲ್ಲ" ಎಂಬುದು ಒಂದು. "ದರ ಶೇ 25ರಷ್ಟು ಹೆಚ್ಚಿಸಿದರೆ ಆದಾಯವೂ ಅಷ್ಟೇ ಹೆಚ್ಚುತ್ತದೆ" ಎಂಬುದು ಇನ್ನೊಂದು. ಮೊದಲನೆಯದು ಸದಸ್ಯರ ವಿವೇಚನೆಗೆ ಸೇರಿದ್ದು. ಎರಡನೆಯದು ಲೆಕ್ಕದ ತಪ್ಪು.

ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಸೇವೆಗೆ ಸೇರಿದ ಎರಡನೆಯ ವರ್ಷ, ಪರಿಷ್ಕೃತ ದರದಂತೆ ಬಂದ ಹೊಸ ಬೇಡಿಕೆಯ ಮೊತ್ತವನ್ನೇ ಆದಾಯವೆಂದು ಆಯವ್ಯಯದಲ್ಲಿ ನಮೂದಿಸಿ, ಅದನ್ನು ನಂಬಿ ಚರಂಡಿ ಮತ್ತು ಬೀದಿದೀಪದ ಕಾಮಗಾರಿಗಳಿಗೆ ಅನುಮೋದನೆ ಪಡೆದೆ. ಜನವರಿಯ ಹೊತ್ತಿಗೆ ಖಾತೆಯಲ್ಲಿ ಉಳಿದದ್ದು ನೀರುಗಂಟಿಗಳ ವೇತನಕ್ಕೂ ಸಾಲದಾಯಿತು. ತೊಲೆಯ ಮೇಲಿನ ಭಾರವನ್ನು ಲೆಕ್ಕ ಹಾಕುವಾಗ ಸುರಕ್ಷತೆಗೆಂದು ಒಂದಷ್ಟು ಅಂತರ ಬಿಡಬೇಕೆಂದು ಕಲಿತು ಬಂದವನು, ಹಣದ ಲೆಕ್ಕದಲ್ಲಿ ಅದನ್ನು ಮರೆತಿದ್ದೆ.

ಸ್ವಂತ ಆದಾಯದ ಅಂದಾಜು ಇಷ್ಟು ಮುಖ್ಯವಾಗಲು ಕಾರಣವಿದೆ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗವು ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ನಿರ್ಬಂಧಿತ. ಉಳಿದ ಶೇ 40 ಅನಿರ್ಬಂಧಿತವೆನಿಸಿದರೂ ಅದನ್ನು ವೇತನ ಹಾಗೂ ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಹೀಗಾಗಿ ತೆರಿಗೆಯ ಅಂದಾಜು ತಪ್ಪಿದರೆ ಆ ಕೊರತೆಯನ್ನು ಈ ಅನುದಾನದಿಂದ ತುಂಬಲಾಗದು. ಮೊದಲು ಪೆಟ್ಟು ಬೀಳುವುದು ನಮ್ಮ ಅತ್ಯಂತ ಕಡಿಮೆ ವೇತನದ ನೌಕರರಿಗೆ.

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣದಡಿ ತೆರಿಗೆ ವಿಧಿಸುವ ಅಧಿಕಾರ ಗ್ರಾಮ ಪಂಚಾಯತಿಯದು. ಉದಾಹರಣೆಗಾಗಿ 2,400 ಆಸ್ತಿಗಳುಳ್ಳ ಒಂದು ಪಂಚಾಯತಿಯನ್ನು ಕಲ್ಪಿಸಿಕೊಳ್ಳಿ. ಹಾಲಿ ಬೇಡಿಕೆ 12,00,000 ರೂ.; ಅದರಲ್ಲಿ ವಸೂಲಿ ಶೇ 65, ಅಂದರೆ 7,80,000 ರೂ. ಹಿಂಬಾಕಿ 9,00,000 ರೂ.; ಅದರಲ್ಲಿ ವಸೂಲಿ ಶೇ 20, ಅಂದರೆ 1,80,000 ರೂ. ಒಟ್ಟು ಕೈಗೆ ಬಂದದ್ದು 9,60,000 ರೂ. ಈ ಅಂಕಿಗಳು ನಿಮ್ಮ ಪಂಚಾಯತಿಯ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯಲ್ಲಿಯೇ ಇರುತ್ತವೆ. ಉಪಕರಗಳನ್ನು ಸೇರಿಸದೆ ತೆರಿಗೆಯನ್ನಷ್ಟೇ ಪರಿಗಣಿಸಬೇಕು; ಗ್ರಂಥಾಲಯ ಉಪಕರ, ಭಿಕ್ಷುಕರ ಉಪಕರಗಳ ಹಣ ನಮ್ಮ ಸಾಮಾನ್ಯ ವೆಚ್ಚಕ್ಕೆ ಒದಗುವುದಿಲ್ಲ.

ದರವನ್ನು ಶೇ 25ರಷ್ಟು ಹೆಚ್ಚಿಸಿದರೆ ಬೇಡಿಕೆ 15,00,000 ರೂ. ಆಗುತ್ತದೆ. ಹೆಚ್ಚಳ 3,00,000 ರೂ. ಎಂದು ಬರೆಯುವುದು ನನ್ನ ಹಳೆಯ ತಪ್ಪು. ವಸೂಲಿಯ ಪ್ರಮಾಣ ಶೇ 65ರಲ್ಲಿಯೇ ನಿಂತರೆ ಬರುವುದು 9,75,000 ರೂ.; ನಿಜವಾದ ಹೆಚ್ಚಳ 1,95,000 ರೂ. ಆದರೆ ದರ ಏರಿದ ವರ್ಷ ವಸೂಲಿಯ ಪ್ರಮಾಣ ಹಾಗೆಯೇ ನಿಲ್ಲುತ್ತದೆಂದು ಭಾವಿಸಲಾಗದು. ಅದು ಶೇ 58ಕ್ಕೆ ಇಳಿದರೆ ಬರುವುದು 8,70,000 ರೂ.; ಹೆಚ್ಚಳ 90,000 ರೂ. ಮಾತ್ರ. ಕರವಸೂಲಿಗಾರರು ಹೊಸ ಬಿಲ್ಲಿನ ತಕರಾರು ಬಗೆಹರಿಸುವುದರಲ್ಲೇ ಮಗ್ನರಾಗಿ, ಹಿಂಬಾಕಿಯ ವಸೂಲಿ ಶೇ 20ರಿಂದ 15ಕ್ಕೆ ಇಳಿದರೆ ಇನ್ನೂ 45,000 ರೂ. ಕಡಿಮೆ. ಉಳಿಯುವುದು 45,000 ರೂ. ಒಂದೇ ನಿರ್ಣಯದ ಫಲ 3,00,000 ರೂ. ಎಂದೂ 45,000 ರೂ. ಎಂದೂ ತೋರಬಹುದು.

ಇನ್ನೊಂದು ಅಂಕಿಯನ್ನು ಸದಸ್ಯರು ಸಭೆಯಲ್ಲಿ ಕೇಳಿ ಪಡೆಯಬೇಕು. ಹಳೆಯ ವಸೂಲಿಯನ್ನು ಹೊಸ ಬೇಡಿಕೆಯಿಂದ ಭಾಗಿಸಿದರೆ, ಅಂದರೆ 7,80,000ವನ್ನು 15,00,000ದಿಂದ ಭಾಗಿಸಿದರೆ, ಶೇ 52 ಬರುತ್ತದೆ. ಹಾಲಿ ಬೇಡಿಕೆಯ ವಸೂಲಿ ಇದಕ್ಕಿಂತ ಕೆಳಗಿಳಿದರೆ ದರ ಹೆಚ್ಚಿಸಿಯೂ ಕಳೆದ ವರ್ಷಕ್ಕಿಂತ ಕಡಿಮೆ ಹಣ ಬಂದಂತಾಗುತ್ತದೆ.

ಬೇಡಿಕೆ ಯಾರ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ಮೇಲಿನ ಪಂಚಾಯತಿಯಲ್ಲಿ ಒಂದು ಕಾರ್ಖಾನೆಯೇ ವರ್ಷಕ್ಕೆ 1,50,000 ರೂ. ತಪ್ಪದೆ ಪಾವತಿಸುತ್ತಿದೆ ಎಂದುಕೊಳ್ಳಿ. ಹೊಸ ದರದಲ್ಲಿ ಅದು 1,87,500 ರೂ. ಮಾಲೀಕರು ಮೇಲ್ಮನವಿ ಸಲ್ಲಿಸಿ ಪಾವತಿಯನ್ನೇ ತಡೆಹಿಡಿದರೆ, ಶೇ 65ರ ಲೆಕ್ಕದ 9,75,000 ರೂ. ಕೂಡಲೇ 7,87,500 ರೂ.ಗೆ ಇಳಿಯುತ್ತದೆ. ಕಳೆದ ವರ್ಷಕ್ಕಿಂತ ಹೆಚ್ಚಾದದ್ದು 7,500 ರೂ.! ಆದ್ದರಿಂದ ಅತಿ ದೊಡ್ಡ ಹತ್ತು ತೆರಿಗೆದಾರರ ಪಟ್ಟಿಯಿಲ್ಲದ ಅಂದಾಜನ್ನು ನಾನಂತೂ ಈಗ ಸಭೆಯ ಮುಂದಿಡುವುದಿಲ್ಲ.

ಹಾಗೆಂದು ದರ ಪರಿಷ್ಕರಣೆ ಬೇಡವೆಂದು ನನ್ನ ಅಭಿಪ್ರಾಯವಲ್ಲ. ವರ್ಷಗಟ್ಟಲೆ ಮುಟ್ಟದ ದರಗಳಿಂದ ಪಂಚಾಯತಿ ನಡೆಯದು. ಆದರೆ ಪ್ರತಿ ಪ್ರಸ್ತಾವದ ಪಕ್ಕದಲ್ಲಿ, ದರ ಮುಟ್ಟದೆ ಎಷ್ಟು ಬರಬಹುದು ಎಂಬ ಲೆಕ್ಕವೂ ಇರಲಿ. ತೆರಿಗೆ ಪಟ್ಟಿಗೆ ಸೇರದ 200 ಮನೆಗಳನ್ನು ಸರಾಸರಿ 500 ರೂ. ತೆರಿಗೆಗೆ ಸೇರಿಸಿದರೆ, ಶೇ 65ರ ವಸೂಲಿಯಂತೆ 65,000 ರೂ. ಹಿಂಬಾಕಿಯ ವಸೂಲಿಯನ್ನು ಶೇ 20ರಿಂದ 35ಕ್ಕೆ ಏರಿಸಿದರೆ 1,35,000 ರೂ. ಒಟ್ಟು 2,00,000 ರೂ.; ದರ ಹೆಚ್ಚಳದ ಉತ್ತಮ ಅಂದಾಜಿಗಿಂತ 5,000 ರೂ. ಹೆಚ್ಚು. ಆದರೆ ಇಲ್ಲೊಂದು ಎಚ್ಚರ: ಹೊಸ ಮನೆಗಳ ತೆರಿಗೆ ಪ್ರತಿ ವರ್ಷ ಬರುತ್ತದೆ, ಹಿಂಬಾಕಿ ಒಮ್ಮೆ ಬಂದರೆ ಮುಗಿಯಿತು. ಹಿಂಬಾಕಿಯ ಹಣದಿಂದ ಪಂಪ್‌ಸೆಟ್ ದುರಸ್ತಿ ಮಾಡಿಸಬಹುದು. ಅದನ್ನು ನಂಬಿ ಹೊಸ ನೌಕರರನ್ನು ನೇಮಿಸಿಕೊಳ್ಳಲಾಗದು.

ಹೆಚ್ಚುವರಿ ಆದಾಯ ಬಂದರೂ ಅದೆಲ್ಲ ಸ್ವೇಚ್ಛೆಯ ವೆಚ್ಚಕ್ಕಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ವಿಕಲಚೇತನರ ಕಲ್ಯಾಣಕ್ಕೆ ಸ್ವಂತ ಆದಾಯದಲ್ಲಿ ಮೀಸಲಿಡಬೇಕಾದ ಪಾಲನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಮಾತ್ರ ಕಾಮಗಾರಿಗಳಿಗೆ ಹಂಚಬೇಕು.

ಆಯವ್ಯಯದಲ್ಲಿ ಯಾವ ಅಂಕಿಯನ್ನು ನಮೂದಿಸಬೇಕು? ಮೇಲಿನ ಉದಾಹರಣೆಯಲ್ಲಿ ನಾನಾದರೆ ಹೆಚ್ಚಳವನ್ನು 45,000 ರೂ. ಎಂದೇ ತೋರಿಸಿ, ವೇತನ ಹಾಗೂ ವಿದ್ಯುತ್ ಬಿಲ್ಲಿಗೆ ಅಷ್ಟನ್ನೇ ನಂಬುವೆ. ಅದಕ್ಕಿಂತ ಹೆಚ್ಚು ಬರುವುದನ್ನು ಅವಲಂಬಿಸಿದ ಕಾಮಗಾರಿಗಳನ್ನು ಪ್ರತ್ಯೇಕ ಪಟ್ಟಿಯಲ್ಲಿರಿಸಿ, "ವಸೂಲಿಗೆ ಒಳಪಟ್ಟು" ಎಂಬ ಷರತ್ತನ್ನು ನಿರ್ಣಯದಲ್ಲಿಯೇ ಬರೆಯಿಸಬೇಕು. ಅಕ್ಟೋಬರ್ ಸಭೆಯಲ್ಲಿ ಆರು ತಿಂಗಳ ವಸೂಲಿಯನ್ನು ಹಿಂದಿನ ವರ್ಷದ ಅದೇ ಅವಧಿಯ ವಸೂಲಿಯೊಂದಿಗೆ ಹೋಲಿಸಿ, ಆ ಪಟ್ಟಿಯ ಯಾವ ಕಾಮಗಾರಿಯನ್ನು ಕೈಗೆತ್ತಿಕೊಳ್ಳಬೇಕೆಂದು ಸದಸ್ಯರು ತೀರ್ಮಾನಿಸಬಹುದು.