ಕಬ್ಬಿನ ರೋಗಕ್ಕೆ ಮೊಲದ ಸಾಕ್ಷ್ಯ

ಘಟಪ್ರಭೆಯ ನೀರುಣ್ಣುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆ. ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರುವ ಬೆಳೆಗೆ ಕೂಳೆ ಎನ್ನುತ್ತೇವೆ. ಕೂಳೆಯ ಇಳುವರಿ ವರ್ಷದಿಂದ ವರ್ಷಕ್ಕೆ ಕುಗ್ಗಿದರೆ ರೈತನು ನೀರನ್ನೋ ಗೊಬ್ಬರವನ್ನೋ ದೂರುವುದು ಸಹಜ. ಆದರೆ ಎಲ್ಲೆಡೆಯೂ ಕಾರಣ ಅದೇ ಆಗಿರಬೇಕಿಲ್ಲ. ಕೂಳೆ ಕುಂಠಿತ ರೋಗವೂ ಹೀಗೆಯೇ ಬೆಳೆಯನ್ನು ಕುಗ್ಗಿಸುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ 1944–45ರಲ್ಲಿ ಮೊದಲು ಗಮನಕ್ಕೆ ಬಂದ ಈ ರೋಗವು ಭಾರತದಲ್ಲಿಯೂ ಕಂಡುಬಂದಿದೆ. ಎಲೆಯ ಮೇಲೆ ಇದರ ಗುರುತೇನೂ ಇಲ್ಲ. ಕಬ್ಬು ಗಿಡ್ಡವಾಗಿ ತೆಳುವಾಗುತ್ತದೆ, ಅಷ್ಟೆ. ಬಹುಕಾಲ ಇದನ್ನು ವೈರಸ್ಸಿನ ಕೃತ್ಯವೆಂದೇ ಭಾವಿಸಿದ್ದರು. 1973ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಬ್ಬಿನ ನೀರ್ನಾಳಗಳಲ್ಲಿ ಬ್ಯಾಕ್ಟೀರಿಯ ಗೋಚರಿಸಿತು. 1980ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಸಾಧ್ಯವಾಯಿತು. ಇಂದು ಅದರ ಹೆಸರು ಲೈಫ್ಸೋನಿಯ ಕ್ಸೈಲಿ.

ಹೊಲದ ಕಬ್ಬಿನಲ್ಲಿ ಇದನ್ನು ಪತ್ತೆಮಾಡುವುದು ಹೇಗೆ? ಇಲ್ಲಿ ಮೊಲವು ನೆರವಿಗೆ ಬರುತ್ತದೆ. ಪ್ರಾಣಿಯ ಶರೀರವನ್ನು ಪರಕೀಯ ಜೀವಿಯೊಂದು ಹೊಕ್ಕರೆ, ಅದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು ರಕ್ತದಲ್ಲಿ ಹುಟ್ಟುತ್ತವೆ. ಇವೇ ಪ್ರತಿಕಾಯಗಳು. ಸಸ್ಯಗಳಿಗೆ ಈ ಶಕ್ತಿಯಿಲ್ಲ. ಆದುದರಿಂದ ಕೊಂದ ಬ್ಯಾಕ್ಟೀರಿಯವನ್ನು ಮೊಲಕ್ಕೆ ಚುಚ್ಚಿ, ಕೆಲವು ವಾರಗಳ ಅನಂತರ ಅದರ ರಕ್ತದಿಂದ ಪ್ರತಿಕಾಯಗಳನ್ನು ಪಡೆಯುತ್ತಾರೆ.

ಕಬ್ಬಿನ ನಾಳದ ರಸವನ್ನು ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಒಣಗಿಸಿ, ಪ್ರತಿಕಾಯವನ್ನು ಹಾಕಿ ತೊಳೆಯುತ್ತಾರೆ. ಬ್ಯಾಕ್ಟೀರಿಯವಿದ್ದರೆ ಪ್ರತಿಕಾಯ ಅಂಟಿಕೊಂಡು ಉಳಿಯುತ್ತದೆ. ಇಲ್ಲದಿದ್ದರೆ ನೀರಿನೊಡನೆ ಹೋಗುತ್ತದೆ. ಮೊಲದ ಪ್ರತಿಕಾಯಕ್ಕೆ ಅಂಟುವ ಇನ್ನೊಂದು ಪ್ರತಿಕಾಯಕ್ಕೆ ಕಿಣ್ವವನ್ನು ಜೋಡಿಸಿ, ಅದನ್ನೂ ಹಾಕಿ ತೊಳೆದರೆ, ಉಳಿದ ಕಿಣ್ವವು ವರ್ಣಹೀನ ದ್ರವಕ್ಕೆ ಬಣ್ಣ ಕೊಡುತ್ತದೆ. ಕಿಣ್ವದ ಮೂಲಕ ಹೀಗೆ ಪತ್ತೆಮಾಡುವ ವಿಧಾನವನ್ನು ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮಾನ್ 1971ರಲ್ಲಿ ಪ್ರಕಟಿಸಿದರು.

ಬಣ್ಣ ಬಾರದ ಮಾತ್ರಕ್ಕೆ ಕಬ್ಬು ನಿರೋಗಿಯೆನ್ನಲಾಗದು. ಎಳೆಯ ಕಬ್ಬಿನಲ್ಲಿ ಬ್ಯಾಕ್ಟೀರಿಯಗಳು ವಿರಳವಾಗಿದ್ದು ಪರೀಕ್ಷೆಗೆ ಸಿಗದಿರಬಹುದು. ಅದಕ್ಕಾಗಿ ಬಲಿತ ಕಬ್ಬನ್ನೇ, ಹಲವು ಬುಡಗಳಿಂದ ಆರಿಸುತ್ತಾರೆ. ನಿರೋಗಿಯೆಂದೂ ರೋಗಿಯೆಂದೂ ಮೊದಲೇ ತಿಳಿದ ಕಬ್ಬುಗಳ ರಸವನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

ಹೊಲದಲ್ಲಿ ನಿಂತ ರೋಗಿ ಕಬ್ಬಿಗೆ ಔಷಧವಿಲ್ಲ. ಬೀಜದ ಕಬ್ಬು ಮತ್ತು ಕಡಿಯುವ ಕತ್ತಿಗಳೇ ರೋಗದ ವಾಹಕಗಳು. ಬಿತ್ತನೆಯ ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ಗಂಟೆ ಇಡುವುದೂ ಕತ್ತಿಯನ್ನು ಕ್ರಿಮಿನಾಶಕದಲ್ಲಿ ಅದ್ದುವುದೂ ರೋಗವನ್ನು ಬಹುಮಟ್ಟಿಗೆ ತಡೆಯುತ್ತವೆ. ಒಂದು ಬೀಜದ ತಾಕಿನ ಕಬ್ಬು ಅನೇಕ ಹೊಲಗಳಿಗೆ ಹೋಗುವುದರಿಂದ, ಪರೀಕ್ಷೆಯು ಅದನ್ನು ಕಡಿಯುವ ಮೊದಲೇ ನಡೆಯತಕ್ಕದ್ದು.