ಬಡ್ತಿಯನ್ನು ಕೇಳುವ ಕಾಲ

ಡೊಂಬಿವಲಿ, ಕಲ್ಯಾಣಗಳಿಂದ ಪ್ರಾತಃಕಾಲದ ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ಐರೋಲಿ, ಮಹಾಪೆಗಳ ಕಚೇರಿಗಳತ್ತ ಧಾವಿಸುವ ನಮ್ಮ ಕನ್ನಡ ತರುಣ ತರುಣಿಯರಲ್ಲಿ ಕಾರ್ಯನಿಷ್ಠೆಗೆ ಕೊರತೆಯಿಲ್ಲ. ಆದರೆ ‘ನಾವಾಗಿ ಕೇಳುವುದೆಂತು’ ಎಂಬ ಸಂಕೋಚವೊಂದು ಅನೇಕರನ್ನು ವರ್ಷಾನುಗಟ್ಟಲೆ ಒಂದೇ ಹುದ್ದೆಯಲ್ಲಿ ನಿಲ್ಲಿಸಿಬಿಡುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರ ಪರಂಪರೆಯವರಿಗೆ ಈ ಸಂಕೋಚ ಸಲ್ಲದು.

ಮೇಲಿನ ಹುದ್ದೆಯ ಹೊಣೆಯನ್ನು ಕೆಲವು ತಿಂಗಳಾದರೂ ವಸ್ತುತಃ ನಿರ್ವಹಿಸಿ, ಅದರ ಫಲವನ್ನು ದಿನಾಂಕಸಹಿತ ಬರೆದಿಟ್ಟುಕೊಂಡಿದ್ದೀರಾದರೆ, ಕೇಳುವ ಕಾಲ ಸನ್ನಿಹಿತವಾಯಿತೆಂದೇ ತಿಳಿಯಿರಿ. ಬಹುತೇಕ ಸಂಸ್ಥೆಗಳ ಹಣಕಾಸು ವರ್ಷವು ಮಾರ್ಚ್ 31ಕ್ಕೆ ಮುಗಿಯುವುದರಿಂದ, ಬಡ್ತಿಯ ಪಟ್ಟಿ ಸಿದ್ಧವಾದ ಬಳಿಕ ಏಪ್ರಿಲಿನಲ್ಲಿ ಬಾಯಿಬಿಡುವುದಕ್ಕಿಂತ ಡಿಸೆಂಬರ್, ಜನವರಿಗಳಲ್ಲಿಯೇ ಮೇಲಧಿಕಾರಿಯೊಡನೆ ಏಕಾಂತದಲ್ಲಿ ಪ್ರಸ್ತಾಪಿಸುವುದು ವಿವೇಕ. ಮನೆಸಾಲದ ಕಂತನ್ನಾಗಲಿ, ಸಹೋದ್ಯೋಗಿಯ ಸಂಬಳವನ್ನಾಗಲಿ ಅಲ್ಲಿ ಎತ್ತಬೇಡಿ. ಮಾಡಿದ ಕಾರ್ಯವನ್ನಷ್ಟೇ ಮುಂದಿಡಿ. ಸರ್ಕಾರಿ ಬ್ಯಾಂಕುಗಳಲ್ಲಿರುವವರ ಮಾತು ಬೇರೆ: ಅಲ್ಲಿ ನಿಯಮಾನುಸಾರದ ಪರೀಕ್ಷೆ, ಸಂದರ್ಶನಗಳೇ ದಾರಿಯಾದುದರಿಂದ ಪ್ರಕಟಣೆ ಬಂದೊಡನೆ ಸಿದ್ಧರಾಗಿರಿ. ‘ಈಗಲ್ಲ’ ಎಂಬ ಉತ್ತರ ಬಂದರೆ ಖಿನ್ನರಾಗದೆ, ಇನ್ನೇನು ಸಾಧಿಸಬೇಕು, ಯಾವಾಗ ಮತ್ತೆ ಕಾಣಬೇಕು ಎಂಬುದನ್ನು ವಿನಯದಿಂದ ಕೇಳಿ, ಆ ಮಾತನ್ನು ಅಂದೇ ಇ-ಮೇಲಿನಲ್ಲಿ ಬರೆದು ಕಳುಹಿಸಿರಿ.