ರೇಸಿನ ಸಿದ್ಧತೆ ಇರಲಿ, ರೇಸಿನ ಗಡಿಯಾರ ಬೇಡ

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸುತ್ತಿ ಬರಲು ಒಂಟಿ ಸೈಕಲ್ ಸವಾರರಿಗೆ ಹಂತಹಂತದ ಮಾರ್ಗದರ್ಶಿ

ಸೈಕಲ್ಲಿಗೆ ಚೀಲ ಕಟ್ಟಿಕೊಂಡು ದೂರದ ದಾರಿ ಹಿಡಿಯಬೇಕೆನ್ನುವವರ ಮುಂದೆ ಈಗ ಎರಡು ಮಾದರಿಗಳಿವೆ. ಒಂದು, ಊರೂರು ನೋಡುತ್ತ ತಮ್ಮ ಪಾಡಿಗೆ ಸಾಗುವ ಒಂಟಿ ಪ್ರವಾಸ. ಇನ್ನೊಂದು, ಅತಿ ದೂರದ ಬೈಕ್‌ಪ್ಯಾಕಿಂಗ್ ರೇಸು. ಬ್ರಿಟನ್ನಿನ ಮೈಕ್ ಹಾಲ್ 2013ರಲ್ಲಿ ಆರಂಭಿಸಿದ ಟ್ರಾನ್ಸ್‌ಕಾಂಟಿನೆಂಟಲ್ ರೇಸ್ ಈ ಎರಡನೆಯ ಮಾದರಿಗೆ ಒಳ್ಳೆಯ ಉದಾಹರಣೆ. ಅಲ್ಲಿ ಹಿಂದೆ ಬರುವ ಸಹಾಯದ ಕಾರಿಲ್ಲ; ಬೇಕಾದ್ದನ್ನು ಹೊತ್ತೊಯ್ಯಬೇಕು, ಇಲ್ಲವೇ ಎಲ್ಲರಿಗೂ ಸಿಗುವ ಅಂಗಡಿಯಲ್ಲೇ ಕೊಳ್ಳಬೇಕು. ಸವಾರ ಮಲಗಿದ್ದಾಗಲೂ ಗಡಿಯಾರ ಓಡುತ್ತಿರುತ್ತದೆ. 2019ರಲ್ಲಿ ಜರ್ಮನಿಯ ಫಿಯೋನಾ ಕೋಲ್ಬಿಂಗರ್ ಬಲ್ಗೇರಿಯಾದ ಬುರ್ಗಾಸಿನಿಂದ ಫ್ರಾನ್ಸಿನ ಬ್ರೆಸ್ಟ್‌ವರೆಗಿನ ಸುಮಾರು 4,000 ಕಿ.ಮೀ. ದಾರಿಯನ್ನು 10 ದಿನ 2 ಗಂಟೆ 48 ನಿಮಿಷದಲ್ಲಿ ಮುಗಿಸಿ, ಪುರುಷರನ್ನೂ ಹಿಂದಿಕ್ಕಿ ಈ ರೇಸನ್ನು ಗೆದ್ದ ಮೊದಲ ಮಹಿಳೆಯಾದರು. ಇಂಥ ಸಾಧನೆ ಯಾರನ್ನಾದರೂ ಹುರಿದುಂಬಿಸುತ್ತದೆ. ಆದರೆ ಹೊಸದಾಗಿ ದೂರದ ಸವಾರಿಗೆ ಇಳಿಯುವವರು ರೇಸಿನಿಂದ ಕಲಿಯಬೇಕಾದದ್ದು ಅದರ ಸಿದ್ಧತೆಯನ್ನು. ಅದರ ವೇಳಾಪಟ್ಟಿಯನ್ನು ಮಾತ್ರ ಸದ್ಯಕ್ಕೆ ಬದಿಗಿಡಬೇಕು. ಹಾಸನ ಜಿಲ್ಲೆಯ ನಾಲ್ಕು ಪಟ್ಟಣಗಳ ಸುತ್ತು ಈ ಕಲಿಕೆಗೆ ಹೇಳಿ ಮಾಡಿಸಿದಂತಿದೆ.

ಹಂತ 1: ಗಡಿಯಾರದ ಲೆಕ್ಕ ತಿಳಿದುಕೊಳ್ಳಿ

ನಮ್ಮಲ್ಲಿ ಈ ರೇಸುಗಳಿಗೆ ಅತಿ ಹತ್ತಿರದ್ದು ಬ್ರೆವೆ. ಆಡಾಕ್ಸ್ ಇಂಡಿಯಾ ರಾಂಡೋನರ್ಸ್ ಹೆಸರಿನಡಿ ಬೆಂಗಳೂರು ಸೇರಿದಂತೆ ಹಲವು ಊರುಗಳ ಕ್ಲಬ್ಬುಗಳು ಇದನ್ನು ನಡೆಸುತ್ತವೆ. ಇದರಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ನಿಗದಿತ ಅವಧಿಯೊಳಗೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. 1891ರಲ್ಲಿ ಮೊದಲ ಬಾರಿ ನಡೆದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನಲ್ಲಿ ಸುಮಾರು 1,200 ಕಿ.ಮೀ.ಗೆ 90 ಗಂಟೆಯ ಮಿತಿಯಿದೆ. ಭಾಗಿಸಿ ನೋಡಿದರೆ ಎಲ್ಲ ಕಡೆಯೂ ಬೇಕಿರುವ ಸರಾಸರಿ ವೇಗ ಗಂಟೆಗೆ ಸುಮಾರು 15 ಕಿ.ಮೀ. ಅಥವಾ ಅದಕ್ಕೂ ಕಡಿಮೆ. ವೇಗ ದೊಡ್ಡದೇನಲ್ಲ, ಕಷ್ಟ ಇರುವುದು ಬಿಡುವಿನಲ್ಲಿ. ಗಂಟೆಗೆ 20 ಕಿ.ಮೀ.ನಂತೆ ತುಳಿದರೂ 600 ಕಿ.ಮೀ.ಗೆ 30 ಗಂಟೆ ಹೋಗುತ್ತದೆ. ಊಟ, ಪಂಕ್ಚರ್, ನಿದ್ದೆ ಎಲ್ಲವೂ ಉಳಿದ ಹತ್ತು ಗಂಟೆಯಲ್ಲಿ ಮುಗಿಯಬೇಕು. ಅಲ್ಲಿ ಮೊದಲು ಕೊರತೆ ಬೀಳುವುದು ನಿದ್ದೆಗೆ.

ಈ ಕೊರತೆಯನ್ನು ಹಗುರವಾಗಿ ಕಾಣುವಂತಿಲ್ಲ. ಸುಮಾರು 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ನಿದ್ದೆಯ ಅಧ್ಯಯನಗಳು ತೋರಿಸಿವೆ. ವಾಹನ ಚಾಲಕರಿಗೆ ನಮ್ಮ ಕಾನೂನು ಇಟ್ಟಿರುವ ಮಿತಿಯೇ 30 ಮಿ.ಗ್ರಾಂ. ಬೆಳಗಿನ ನಾಲ್ಕಕ್ಕೆ ಎದ್ದು 400 ಕಿ.ಮೀ. ಬ್ರೆವೆಗೆ ಹೊರಟವರಿಗೆ ರಾತ್ರಿ ಒಂಬತ್ತಕ್ಕೇ ಈ 17 ಗಂಟೆ ತುಂಬುತ್ತದೆ, ದಾರಿ ಇನ್ನೂ ಬಹಳ ಉಳಿದಿರುತ್ತದೆ. ಇದರ ಮೇಲೆ ಕತ್ತಲಿನ ಅಪಾಯ ಬೇರೆ. ಮೈಕ್ ಹಾಲ್ ಅವರಂಥ ಪಳಗಿದ ಸವಾರರೇ 2017ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಇಂಡಿಯನ್ ಪೆಸಿಫಿಕ್ ವೀಲ್ ರೇಸಿನಲ್ಲಿ, ಕ್ಯಾನ್‌ಬೆರಾ ಬಳಿ ಬೆಳಕು ಹರಿಯುವ ಮುನ್ನ ಕಾರು ಡಿಕ್ಕಿ ಹೊಡೆದು ತೀರಿಕೊಂಡರು. ಕಾಣದ ಹೊತ್ತಿನಲ್ಲೂ ಸವಾರರನ್ನು ರಸ್ತೆಯ ಮೇಲೆ ಇರಿಸುವುದು ರೇಸಿನ ಗಡಿಯಾರವೇ. ಪ್ರವಾಸಿಗೆ ಆ ಒತ್ತಡ ಇಲ್ಲ.

ಹಂತ 2: ದಾರಿಯನ್ನೂ ಕಾಲವನ್ನೂ ಗೊತ್ತುಮಾಡಿಕೊಳ್ಳಿ

ಹಾಸನದಿಂದ ಚನ್ನರಾಯಪಟ್ಟಣ ಸುಮಾರು 38 ಕಿ.ಮೀ., ಅಲ್ಲಿಂದ ಶ್ರವಣಬೆಳಗೊಳ ಇನ್ನು 12–13 ಕಿ.ಮೀ. ಮೊದಲ ದಿನಕ್ಕೆ ಇಷ್ಟು ಸಾಕು. ಮಧ್ಯಾಹ್ನದೊಳಗೆ ತಲುಪಿ, ಬಿಸಿಲಿಳಿದ ಮೇಲೆ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲು ಕಾಲಲ್ಲಿ ಕಸುವು ಉಳಿದಿರಬೇಕು. ಎರಡನೇ ದಿನ ಚನ್ನರಾಯಪಟ್ಟಣಕ್ಕೆ ಮರಳಿ ಹೊಳೆನರಸೀಪುರ, ಒಟ್ಟು ಸುಮಾರು 50 ಕಿ.ಮೀ. ಹೇಮಾವತಿಯ ದಡದ ಈ ಪಟ್ಟಣದಲ್ಲಿ ರಾತ್ರಿ ತಂಗಿ, ಮೂರನೇ ದಿನ ಅರಕಲಗೂಡು, ಗೊರೂರು ಮೂಲಕ ಹಾಸನಕ್ಕೆ ಸುಮಾರು 60 ಕಿ.ಮೀ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಇದೆ. ಒಂದು ದಿನ ಹೆಚ್ಚಿಗೆ ಇದ್ದರೆ ಅರಕಲಗೂಡಿನಿಂದ ಕಾವೇರಿ ದಡದ ರಾಮನಾಥಪುರಕ್ಕೂ ಹೋಗಿಬರಬಹುದು. ರಜೆ ಎರಡೇ ದಿನ ಎನ್ನುವ ನೌಕರರು ಶ್ರವಣಬೆಳಗೊಳವನ್ನು ಬಿಟ್ಟರೆ, ಮೊದಲ ದಿನ 75, ಎರಡನೇ ದಿನ 60 ಕಿ.ಮೀ.ನಲ್ಲಿ ಸುತ್ತು ಮುಗಿಯುತ್ತದೆ.

ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಪಡುವಣ ಗಾಳಿ ಬಲವಾಗಿರುವುದರಿಂದ ಅರಕಲಗೂಡಿನ ಕಡೆಗೆ ಎದುರುಗಾಳಿ. ಬಯಲುಸೀಮೆಯ ಚನ್ನರಾಯಪಟ್ಟಣಕ್ಕಿಂತ ಆ ಮಗ್ಗುಲಲ್ಲಿ ಮಳೆಯೂ ಜಾಸ್ತಿ. ಚಳಿಗಾಲದ ಬೆಳಗಿನಲ್ಲಿ ಮಂಜು ಕವಿದಿದ್ದರೆ ಅದು ಕರಗುವವರೆಗೆ ಕಾಯುವುದೇ ಸರಿ. ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ಏನು ಮಾಡುವುದೆಂದು ಮೊದಲೇ ಯೋಚಿಸಿಡಿ. ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳಿಗೆ ಬೆಂಗಳೂರು–ಹಾಸನ ರೈಲು ಮಾರ್ಗವಿದೆ. ಹೊಳೆನರಸೀಪುರ ಮೈಸೂರು–ಹಾಸನ ಮಾರ್ಗದಲ್ಲಿದೆ. ಅರಕಲಗೂಡಿಗೆ ರೈಲಿಲ್ಲ, ಬಸ್ಸೇ ಗತಿ. ಆದ್ದರಿಂದ ಬ್ರೇಕು, ಗೇರು, ಮಂಡಿನೋವು ಯಾವುದರಲ್ಲಿ ಅನುಮಾನವಿದ್ದರೂ ಹೊಳೆನರಸೀಪುರದಲ್ಲೇ ತೀರ್ಮಾನಿಸಿ.

ಹಂತ 3: ಚೀಲವನ್ನು ರೇಸಿನವರಂತೆ ಕಟ್ಟಿ

ರೇಸಿನ ಸವಾರರಿಂದ ಪೂರ್ತಿಯಾಗಿ ಎರವಲು ಪಡೆಯಬೇಕಾದ ವಿದ್ಯೆ ಇದು. ಒಂದು ಜೊತೆ ಸವಾರಿಯ ಬಟ್ಟೆ, ಒಂದು ಜೊತೆ ರಾತ್ರಿಗೆ, ಮಳೆಯಂಗಿ, ಎರಡು ಬಾಟಲಿ ನೀರು, ಓಆರ್‌ಎಸ್, ಔಷಧಿ, ಪವರ್ ಬ್ಯಾಂಕು. ದಿನಕ್ಕೊಂದು ಪಟ್ಟಣ ಸಿಗುವ ಈ ದಾರಿಗೆ ಡೇರೆಯೂ ಒಲೆಯೂ ಬೇಕಿಲ್ಲ. ರಿಪೇರಿ ಸಾಮಾನಿನಲ್ಲಿ ಮಾತ್ರ ಜಿಪುಣತನ ಬೇಡ: ಎರಡು ಟ್ಯೂಬು, ಪ್ಯಾಚು, ಟೈರು ಬಿಚ್ಚುವ ಲಿವರು, ಕೈಪಂಪು, ಅಲೆನ್ ಕೀಲಿಗಳು, ಚೈನಿನ ಒಂದು ಜೋಡುಕೊಂಡಿ. ಪಂಕ್ಚರ್ ಅಂಗಡಿ ಹೆದ್ದಾರಿಯುದ್ದಕ್ಕೂ ಇದೆಯಲ್ಲ ಎನ್ನಬಹುದು. ಆದರೆ ಹೊಸ ಮಾದರಿಯ ಹಲವು ಸೈಕಲ್ಲುಗಳಲ್ಲಿರುವುದು ಸಣಕಲು ಪ್ರೆಸ್ಟಾ ವಾಲ್ವು. ಬೈಕು, ಲಾರಿಗಳಿಗೆ ಗಾಳಿ ತುಂಬುವ ಮೆದುಗೊಳವೆಯ ಬಾಯಿ ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರನ್ನು ಆ ವಾಲ್ವಿಗೆ ತಿರುಗಿಸಿ ಕೂರಿಸಿದರೆ ಯಾವ ಅಂಗಡಿಯ ಗಾಳಿಯೂ ನಿಮ್ಮದೇ. ಆ ಅಳತೆಯ ಟ್ಯೂಬು ಸಣ್ಣ ಊರಿನಲ್ಲಿ ಸಿಗುತ್ತದೆಂದು ನಂಬಿಕೊಂಡು ಹೊರಡಬೇಡಿ.

ಹಂತ 4: ರಸ್ತೆಯ ಮೇಲೆ ಹಗಲನ್ನೇ ನಂಬಿ

ಬೆಳಕು ಹರಿದ ಮೇಲೆ ಹೊರಟು, ಕತ್ತಲಿಗೆ ಎರಡು ಗಂಟೆ ಮೊದಲೇ ತಂಗುವ ಊರು ಸೇರಿ. ಹಗಲಾದರೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ, ಹೊಳೆಯುವ ಜಾಕೆಟ್ ಮೈಮೇಲಿರಲಿ. ಹಾಸನ–ಚನ್ನರಾಯಪಟ್ಟಣದ ನಡುವೆ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿ 75. ಅಲ್ಲಿ ಎಡ ಅಂಚು ಬಿಡಬೇಡಿ, ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯಿರಿ. ಒಳರಸ್ತೆಗಳ ಅಪಾಯ ಬೇರೆ ಬಗೆಯದು. ಬಣ್ಣ ಬಳಿಯದ ಹಂಪುಗಳಿರುತ್ತವೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಸಿಗಬಹುದು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುತ್ತಾರೆ. ಒಣಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಹುರುಳಿಯ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು ಚೈನು ಕಚ್ಚಿಕೊಳ್ಳುತ್ತದೆ. ಅಂಥಲ್ಲಿ ಇಳಿದು, ಸೈಕಲ್ ಎತ್ತಿ ದಾಟಿ. ಗಡಿಯಾರದ ಹಂಗಿಲ್ಲದವರಿಗೆ ಎರಡು ನಿಮಿಷ ದೊಡ್ಡದಲ್ಲ.

ಒಂಟಿಯಾಗಿ ಹೋಗುವುದಕ್ಕಿಂತ ರೇಸಿನಲ್ಲಿ ಜನರ ಜೊತೆಗಿರುವುದು ಕ್ಷೇಮ ಎಂಬ ಆಕ್ಷೇಪ ಸಾಮಾನ್ಯ. ಆದರೆ ನೂರಾರು ಕಿ.ಮೀ. ಸವಾರಿಯಲ್ಲಿ ಗುಂಪು ಬೇಗ ಚದುರುತ್ತದೆ. ಸ್ವಾವಲಂಬಿ ರೇಸಿನ ಸವಾರರೂ ಬಹುಪಾಲು ಒಂಟಿಯೇ, ಅದೂ ರಾತ್ರಿಯಲ್ಲಿ, ದಣಿದು. ಪ್ರವಾಸಿಗಳು ಹಗಲಲ್ಲಿ, ಜನರ ಕಣ್ಣೆದುರಿಗೆ, ಎಳನೀರಿನವರೊಡನೆ ಎರಡು ಮಾತಾಡಿ ಸಾಗುತ್ತಾರೆ. ಮುಖ್ಯವಾಗಿ ಮಹಿಳೆಯರಿಗೆ ಈ ವ್ಯತ್ಯಾಸ ದೊಡ್ಡದು. ತಂಗುವ ಕೋಣೆಯನ್ನು ಮೊದಲೇ ಫೋನು ಮಾಡಿ ಕಾದಿರಿಸಿ, ಪ್ರತಿ ಪಟ್ಟಣದಿಂದ ಮನೆಗೊಂದು ಸಂದೇಶ ಕಳಿಸಿ.

ಹಂತ 5: ಬ್ರೆವೆಗೆ ಹೆಸರು ಕೊಡುವ ಮುನ್ನ

ಗುರಿಯಿಲ್ಲದ ಪ್ರವಾಸದಲ್ಲಿ ಶಿಸ್ತು ಬರುವುದಿಲ್ಲ, ಗಡುವಿದ್ದರೇ ಮನುಷ್ಯ ಬೆಳೆಯುವುದು ಎಂಬ ಮಾತಿನಲ್ಲೂ ಹುರುಳಿದೆ. ಅದಕ್ಕೆಂದೇ ಪ್ರವಾಸವನ್ನು ಮೆಟ್ಟಿಲಾಗಿಸಿಕೊಳ್ಳಿ. ಮೊದಲು ಮೂರು ದಿನದ ಸುತ್ತು, ಆಮೇಲೆ ಎರಡು ದಿನದ್ದು. ಪಂಕ್ಚರ್ ಸ್ವತಃ ಸರಿಮಾಡಲು ಬಂದು, ಮರುದಿನ ಮಂಡಿ, ಸೊಂಟ, ಅಂಗೈ ನೋಯದಿದ್ದರೆ, ಶ್ರವಣಬೆಳಗೊಳ ಬಿಟ್ಟು ನಾಲ್ಕು ಪಟ್ಟಣಗಳ ಸುಮಾರು 135 ಕಿ.ಮೀ. ಸುತ್ತನ್ನು ಒಂದೇ ಹಗಲಲ್ಲಿ ಮುಗಿಸಿ ನೋಡಿ. ಅದಾದರೆ 200 ಕಿ.ಮೀ. ಬ್ರೆವೆ ನಿಮ್ಮ ಅಳವಿನೊಳಗೇ ಇದೆ. ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ಏಳೂವರೆಗೆ ಗಡುವು, ನಿದ್ದೆ ಕೆಡುವ ಮಾತೇ ಇಲ್ಲ. 400, 600ರ ಯೋಚನೆಯನ್ನು ಅದರ ನಂತರ ಮಾಡಿ. ಆಗಲೂ ಕಣ್ಣು ಎಳೆಯತೊಡಗಿದ ಕೂಡಲೇ ಸೈಕಲ್ ಇಳಿದು ಮಲಗುವ ನಿರ್ಧಾರವನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ. ಗಡುವು ತಪ್ಪಿದರೆ ಮುಂದಿನ ಬ್ರೆವೆ ಇದ್ದೇ ಇರುತ್ತದೆ. ನಿಲ್ಲಬೇಕಾದಾಗ ನಿಲ್ಲುವುದನ್ನು ಪ್ರವಾಸದಲ್ಲಿ ಕಲಿತವರೇ ರೇಸಿಗೂ ಯೋಗ್ಯರು.